ಮುದ್ದಯ್ಯ ಹೂಡಗೊಡದ ಒಲೆ

ನಮ್ಮ ಪೂರಿಗಾಲಿಯ ಮುದ್ದಯ್ಯನ ಮನೆಗೆ ಬಂದು ಹಸಿದುಕೊಂಡು ಹಿಂತಿರುಗಿದ ಜೀವವೇ ಇಲ್ಲ. ಆ ಮನೆಯ ಇರುವೆಗಳಿಗೂ ಬೊಜ್ಜು ಬಂದು, ಸಾಲಾಗಿ ನಡೆಯಲಾರದೆ ಗೋಡೆಗೆ ಒರಗಿ ಕೂರುತ್ತಿದ್ದವು. ಅವನ ಹೆಂಡತಿ ಚಿಕ್ಕನಂಜಮ್ಮ ಕಟ್ಟುತ್ತಿದ್ದ ಮುದ್ದೆ ಕಂಡು ಊರಾಚೆಯ ಬಂಡೆಗಳೆಲ್ಲ ನಾಚಿಕೊಳ್ಳುತ್ತಿದ್ದವು ಎಂದರೆ ನೀವು ನಂಬುವುದಿಲ್ಲ. ಹೋಗಲಿ, ಒಂದೇ ಬಂಡೆ ಅಂದುಕೊಳ್ಳಿ.

ಜಪಾನಿನವರು ರಂಗೂನಿನ ಮೇಲೆ ಬಾಂಬು ಹಾಕಿದ ಮೇಲೆ, ಅಲ್ಲಿಂದ ಕಾಡುಬೆಟ್ಟ ನಡೆದು ತಪ್ಪಿಸಿಕೊಂಡವರು ನಮ್ಮ ಸೀಮೆಗೂ ಬಂದರು. ಅವರಲ್ಲಿ ಕೆಂಪಸಿದ್ದಯ್ಯನದು ನಮ್ಮೂರಿನದೇ ಬೇರು; ಅವನ ತಾತ ಹೊಟ್ಟೆಪಾಡಿಗೆ ಹಡಗು ಹತ್ತಿದವನು. ಮೊಮ್ಮಗ ಈಗ ಹೆಂಡತಿ ಶಿವನಂಜಮ್ಮನನ್ನೂ ಎರಡು ಹೆಣ್ಣುಮಕ್ಕಳನ್ನೂ ಕಟ್ಟಿಕೊಂಡು, ಜ್ವರದಲ್ಲಿ ನಡುಗುತ್ತ ಮದ್ದೂರು ಸ್ಟೇಷನ್ನಿನಲ್ಲಿ ಕೂತಿದ್ದಾನೆ ಎಂದು ಸುದ್ದಿ ಬಂತು. ಯಾರೂ ಹೇಳದೆಯೇ ಹೊರಟವನು ಮುದ್ದಯ್ಯ. ಜೊತೆಗೆ ನಾನು. ಯುದ್ಧಕಾಲದ ಇದ್ದಿಲು ಬಸ್ಸು. ಕೂತದ್ದಕ್ಕಿಂತ ತಳ್ಳಿದ್ದೇ ಹೆಚ್ಚು. ನ್ಯಾಯವಾಗಿ ಬಸ್ಸಿಗೆ ನಾವೇ ಟಿಕೆಟ್ಟು ಹರಿಯಬೇಕಿತ್ತು.

ಕರೆತಂದ ಸಂಸಾರಕ್ಕೆ ಮುದ್ದಯ್ಯ ಹಾಳುಬಿದ್ದ ಮನೆಯೊಂದಕ್ಕೆ ಹೊಸ ಹುಲ್ಲು ಹೊದಿಸಿದ. ಮನೆಮನೆ ಸುತ್ತಿ ಚಾಪೆ, ಕಂಬಳಿ, ಸೀರೆ ತಂದ. ಊಟಕ್ಕೆ ಸರದಿ ಗೊತ್ತುಮಾಡಿದ: ದಿನಕ್ಕೊಂದು ಮನೆಯವರು ಉಣಬಡಿಸಬೇಕು. ಊರು ಪೈಪೋಟಿಗೆ ಬಿತ್ತು. ಒಬ್ಬರು ಕೋಳಿ ಕುಯ್ದರೆ ಪಕ್ಕದ ಮನೆಯವರು ಬಂಡೂರು ಕುರಿಯನ್ನೇ ಎಳೆದು ತಂದರು. ಈ ಸಂಸಾರ ಇಲ್ಲೇ ಬೇರು ಬಿಡಬೇಕು, ಅಷ್ಟೇ ಮುದ್ದಯ್ಯನ ಆಸೆ.

ಜ್ವರ ಬಿಟ್ಟರೂ ಕೆಂಪಸಿದ್ದಯ್ಯನಿಗೆ ದುಡಿಯುವ ಶಕ್ತಿ ಇರಲಿಲ್ಲ. ಶಿವನಂಜಮ್ಮ ರಂಗೂನಿನ ಬಂದರಿನಲ್ಲಿ ಕೂಲಿಗಳಿಗೆ ಅಡಿಗೆ ಮಾಡಿ ಹಾಕುತ್ತಿದ್ದ ಹೆಂಗಸು. ಒಂದು ದಿನ ಕೇಳಿದಳು:

"ಮಾವ, ಹಿತ್ತಲಲ್ಲಿ ಮೂರು ಕಲ್ಲು ಹೂಡ್ಕೊತೀನಿ. ನಾನೇ ಬೇಯಿಸ್ತೀನಿ."

"ಯಾಕವ್ವ, ನಮ್ ಸಾರು ಸಪ್ಪೆಯಾ?"

"ಅಯ್ಯೋ, ಅದಲ್ಲ ಮಾವ."

"ಮತ್ತೆ? ಊರ್ಗೆ ಬಂದ ನೆಂಟ್ರು ಒಲೆ ಹಚ್ಚುದ್ರೆ, ಪೂರಿಗಾಲೀಲಿ ಒಲೆಗಳೆಲ್ಲ ಸತ್ತೋದ್ವಾ ಅಂತ ಕುರಿಗಳೂ ನಗಾಡ್ತವೆ. ಸುಮ್ನೆ ಕುಂತ್ಕೊ."

ರಾತ್ರಿ ಉಣ್ಣುವಾಗ ಚಿಕ್ಕನಂಜಮ್ಮ ಗಂಡನನ್ನು ತಿವಿದಳಂತೆ. "ಆ ಹೆಣ್ಣು ಉಣ್ಣೋವಾಗ ಕತ್ತೇ ಎತ್ತಲ್ಲ, ನೋಡಿದ್ದೀಯಾ? ಒಂದು ಒಲೆ ಹಾಕ್ಕೊಡು."

"ಬಡ್ಸಿ ಬಡ್ಸಿ ನಿಂಗೆ ಬೇಜಾರು ಬಂದದೆ. ಬುಡು, ನಾನೇ ಬಡುಸ್ತೀನಿ."

"ಬಡ್ಸೋಕೆ ಹತ್ತು ಕೈ ಅವೆ ನಿಂಗೆ. ಕಿವಿ ಮಾತ್ರ ಒಂದೂ ಇಲ್ಲ."

ಮಕ್ಕಳಿಗಂತೂ ಮುಚ್ಚುಮರೆ ಗೊತ್ತಿಲ್ಲ. ಕುಂಟೆಬಿಲ್ಲೆ ಆಡುವಾಗ ಶಿವನಂಜಮ್ಮನ ದೊಡ್ಡ ಮಗಳಿಗೆ ಒಬ್ಬಳು ಹೇಳಿಯೇಬಿಟ್ಟಳು: "ಇವತ್ತು ನಮ್ಮನೇಲಿ ಉಂಡಿದ್ದೀಯ ಕಣೇ. ನೀನೇ ಸೋಲ್ಬೇಕು." ಜಗಲಿಯ ಮೇಲಿದ್ದ ನಾವೆಲ್ಲ ನಕ್ಕೆವು. ಮುದ್ದಯ್ಯನ ನಗುವೇ ದೊಡ್ಡದು. ನೀರು ಹೊತ್ತು ಬರುತ್ತಿದ್ದ ಶಿವನಂಜಮ್ಮ ನಿಂತು ಕೇಳಿಸಿಕೊಂಡು ಒಳಗೆ ಹೋದಳು.

ಮಾರನೆಯ ದಿನ ಆ ಹಿತ್ತಲಿನಿಂದ ಹೊಗೆ ಎದ್ದಿತು. ಮೂರು ಕಲ್ಲು, ಮೇಲೊಂದು ಮಡಕೆ, ಒಳಗೆ ಕೂಲಿಗೆ ಕಳೆ ಕಿತ್ತು ತಂದ ಅಕ್ಕಿ. ಮುದ್ದಯ್ಯ ಚೊಂಬು ಹಿಡಿದು ಓಡಿದ. "ಊರ್ಗೆ ಬೆಂಕಿ ಬಿತ್ತು, ಬನ್ರಪ್ಪೋ!" ಎಂದು ಕೂಗುತ್ತ ಉರಿಗೆ ನೀರು ಸುರಿದ. ತಮಾಷೆಗೇ ಸುರಿದದ್ದು. ಮಕ್ಕಳಿಬ್ಬರನ್ನೂ ಕಂಕುಳಿಗೆ ಎತ್ತಿಕೊಂಡು, "ನಡೀರವ್ವ, ನಮ್ಮನೇಲಿ ಕೋಳಿಸಾರು" ಎಂದು ಹೊರಟ. ಊರೇ ನಕ್ಕಿತು. ಶಿವನಂಜಮ್ಮ ಹಿಂದೆ ಬಂದು, ಕೂತು, ಉಂಡಳು.

ವಾರ ಕಳೆಯುವುದರೊಳಗೆ ಒಂದು ಬೆಳಗ್ಗೆ ಮನೆ ಖಾಲಿ. ನೆಲ ಸಾರಿಸಿತ್ತು, ಚಾಪೆ, ಕಂಬಳಿ ಮಡಿಸಿಟ್ಟಿದ್ದವು. ಉಂಡು ಹೋದರು, ಹೇಳಿಯೂ ಹೋಗಲಿಲ್ಲ ಎಂದು ಊರು ಬೈಯಿತು. ಮುದ್ದಯ್ಯ ಬೈಯಲಿಲ್ಲ. ಅಷ್ಟು ಮಾತಿನ ಮನುಷ್ಯ ಮಾತೇ ಬಿಟ್ಟದ್ದರಿಂದ ಊರಿನ ಕಾಗೆಗಳಿಗೆ ತಮ್ಮ ಕಿವಿಯೇ ಕೆಟ್ಟಿತೇ ಎಂದು ಅನುಮಾನ ಬಂತು.

ಸುಗ್ಗಿಯ ಹೊತ್ತಿಗೆ ತಿಳಿಯಿತು: ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಬಳಿ ಶಿವನಂಜಮ್ಮ ಗುಡಿಸಲು ಹಾಕಿಕೊಂಡು ಆಳುಗಳಿಗೆ ಊಟ ಹಾಕುತ್ತಾಳೆ. ಕರೆತರುತ್ತೇನೆಂದು ಮುದ್ದಯ್ಯ ಹೊರಟ, ನಾನೂ ಹೋದೆ. ಅವಳು ಮುಖ ತಿರುಗಿಸಲಿಲ್ಲ. ಎಲೆ ಹಾಕಿ ಕೂರಿಸಿ ಅನ್ನ ಬಡಿಸಿದಳು. ನೀರಿನ ಚೊಂಬು ತರಲು ಮುದ್ದಯ್ಯ ಏಳಹೋದ.

"ಕುಂತ್ಕೊ ಮಾವ. ನೆಂಟ್ರು ಏಳ್ಬಾರ್ದು."

ಕೂತ. ಕೈ ಎಲ್ಲಿಟ್ಟುಕೊಳ್ಳಬೇಕೆಂದು ಗೊತ್ತಾಗದೆ ತೊಡೆಯ ಮೇಲಿಟ್ಟುಕೊಂಡ. ಅನ್ನ ಕಲಸಿದ, ತುತ್ತು ಎತ್ತಲಿಲ್ಲ.

"ಬಾರವ್ವ ಊರ್ಗೆ. ನಾನೇ ಒಲೆ ಹಾಕ್ಕೊಡ್ತೀನಿ."

"ಅವತ್ತು ಅಕ್ಕಿ ಅರ್ಧ ಬೆಂದಿತ್ತು ಮಾವ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಒಳ್ಳೆಯದಿತ್ತು. ಆಮೇಲೆ ಬೇರೆಯವರಿಗೆ ಬಡಿಸಲು ಹೋದಳು.

ಊರಿಗೆ ಬಂದವನೇ ಮುದ್ದಯ್ಯ ಆ ಖಾಲಿ ಮನೆಗೆ ಹೋಗಿ, ಮಣ್ಣು ಕಲಸಿ, ಎರಡು ಬಾಯಿಯ ಒಲೆ ಹೂಡಿದ. ಅಷ್ಟು ಚೆಂದದ ಒಲೆ ಅರಮನೆಯಲ್ಲೂ ಇರಲಿಕ್ಕಿಲ್ಲ. ಯಾರೂ ಬರಲಿಲ್ಲ. ಒಂದು ದಿನ ಚಿಕ್ಕನಂಜಮ್ಮ ಅದರೊಳಗೆ ಇಣುಕಿ, "ಕೋಳಿ ಕಾವಿಗೆ ಕುಂತದೆ, ಓಡ್ಸು" ಎಂದಳು.

"ಇರ್ಲಿ ಬುಡು," ಎಂದ ಮುದ್ದಯ್ಯ, "ಅದ್ನ ಕೇಳ್ದೆ ಏನೂ ಮಾಡ್ಬ್ಯಾಡ."