ನಾಲ್ಕು ಡೊಮೇನು, ಕಾಕಾನ ಒಂದು ಫೋನು

ನಮ್ಮ ಮನೆಗೆ ಹೊಸದೇನು ಬಂದರೂ ಅದು ಕಾಕಾನ ಹೆಸರಿಗೇ ಬರುತ್ತದೆ. ಟ್ರ್ಯಾಕ್ಟರ್ ಬಂದಾಗ ಹಾಗೇ ಆಯಿತು, ಗ್ಯಾಸಿನ ಪುಸ್ತಕವೂ ಹಾಗೇ. ಹಿರಿಯರು ಇರುವಾಗ ಕಿರಿಯರ ಹೆಸರು ಬರೆಸುವುದು ಚೆಂದ ಕಾಣುವುದಿಲ್ಲ ಅಂತ ಅಜ್ಜಿ ನನಗೆ ಚಿಕ್ಕಂದಿನಲ್ಲೇ ಹೇಳಿಕೊಟ್ಟಿದ್ದಳು. ಹೀಗಾಗಿ ವೆಬ್‌ಸೈಟುಗಳ ಕಾಲ ಬಂದಾಗ, ನಾಲ್ಕು ಡೊಮೇನುಗಳನ್ನೂ ಕಾಕಾನ ಹೆಸರು, ಕಾಕಾನ ಫೋನ್ ನಂಬರು ಕೊಟ್ಟೇ ಕೊಂಡೆ. ಅಲ್ಲಿಯವರೆಗೆ ಇಂಟರ್ನೆಟ್ಟಿನ ಹೊಸ್ತಿಲನ್ನೂ ಕಾಕಾ ತುಳಿದವರಲ್ಲ.

ಕುಂದಗೋಳದ ಬಸ್ ಸ್ಟ್ಯಾಂಡಿನ ಬಾಜು ನನ್ನದೊಂದು ಝೆರಾಕ್ಸ್ ಅಂಗಡಿ. ಅರ್ಜಿ ತುಂಬುತ್ತ ತುಂಬುತ್ತ ವೆಬ್‌ಸೈಟ್ ನೋಡಿಕೊಳ್ಳುವ ಕೆಲಸವೂ ಮೈಮೇಲೆ ಬಿತ್ತು. ಒಂದು ಗುಡಗೇರಿಯ ನಮ್ಮ ಕಾಕಿ ಮತ್ತು ಅವಳ ಜೊತೆಗಾತಿಯರ ರೊಟ್ಟಿ ಗುಂಪಿನದು. ಇನ್ನೊಂದು ಕಾಕಾನ ಒಣಮೆಣಸಿನಕಾಯಿ ವ್ಯಾಪಾರದ್ದು. ಮತ್ತೊಂದು ತಿರ್ಲಾಪುರದ ಬೀಗರು ಸೇರಿ ಮಾಡಿಕೊಂಡ ಹತ್ತಿ ಬೆಳೆಗಾರರ ಗುಂಪಿನದು. ಉಳಿದದ್ದು ಕುಂದಗೋಳದಲ್ಲಿ ಹಾಡು ಕಲಿಯುವವರ ಬಳಗದ್ದು. ತಮ್ಮಲ್ಲಿ ಯಾರ ಹೆಸರು ಬರೆಸಿದರೂ ಇನ್ನೊಬ್ಬರಿಗೆ ಮುನಿಸು ಬರುತ್ತದೆಂದು ಈ ಎರಡೂ ಗುಂಪಿನವರು ಕಾಕಾನ ಹೆಸರಿಗೇ ಒಪ್ಪಿದ್ದರು. ಪ್ರತಿಯೊಂದನ್ನು ಕಟ್ಟಿಕೊಟ್ಟವರು ಬೇರೆ ಬೇರೆ, ಅವರು ಹಚ್ಚಿಕೊಟ್ಟ ಡಿಎನ್ಎಸ್ ಸೇವೆಯೂ ಬೇರೆ ಬೇರೆ.

ಒಂದು ಶುಕ್ರವಾರ ಕಾಕಾನ ಹೆಸರಿನ ಈಮೇಲ್ ತೆರೆದಾಗ ಹಳೆಯ ಪತ್ರವೊಂದು ಕಂಡಿತು. ರೊಟ್ಟಿ ಗುಂಪಿನ ಡಿಎನ್ಎಸ್ ನೋಡಿಕೊಳ್ಳುವ ಪುಕ್ಕಟೆ ಸೇವೆ ಮುಂದಿನ ಬುಧವಾರ ಬಂದ್ ಆಗುತ್ತದೆ, ಅಷ್ಟರಲ್ಲಿ ಬೇರೆ ಕಡೆ ಹೋಗಿ ಅಂತ. ಗುರುವಾರ ಪುಣೆಯ ತಿನಿಸಿನ ಅಂಗಡಿಯವರು ಕಾಕಿಗೆ ಪತ್ರ ಕಳಿಸುವವರಿದ್ದರು. ಪ್ರತಿ ವಾರ ಖಡಕ್ ರೊಟ್ಟಿ ತಗೊಳ್ಳುವ ಖಾತ್ರಿಯ ಪತ್ರ, ಅದೂ ಗುಂಪಿನ ಸ್ವಂತ ಈಮೇಲಿಗೆ. ಹೆಂಗಸರು ಅದಕ್ಕಾಗಿ ಎರಡು ಹೊಸ ಒಲೆ ಹೂಡಿಯಾಗಿತ್ತು.

ಶನಿವಾರ ಗುಡಗೇರಿಗೆ ಹೋದೆ. ಕಾಕಾ ತಿರ್ಲಾಪುರದ ಬೀಗರ ಮನೆಗೆ ಹೋಗಿದ್ದರು. ಪಡಸಾಲೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಡೆದಿತ್ತು.

"ಏನಾತಬೇ, ಮಾರಿ ಯಾಕ ಸಣ್ಣದ್ ಮಾಡೀ?" ಅಂದಳು ಕಾಕಿ.

"ಕಾಕಿ, ನಮ್ಮ ಸ್ಟೇಶನ್ ಮುಂದ ಚಾದಂಗಡಿ ಮುತ್ಯಾ ಅದಾನಲ್ಲ, ರೈಲ್ ಇಳದವ್ರಿಗೆ ಯಾರ ಮನಿ ಎಲ್ಲೈತಿ ಅಂತ ಹೇಳತಾನ. ಡಿಎನ್ಎಸ್ ಅಂದ್ರ ಆ ಮುತ್ಯಾನ ಕೆಲಸ. ನಮ್ಮ ಮುತ್ಯಾ ಬುಧವಾರ ಅಂಗಡಿ ಮುಚ್ಚತಾನ."

"ಮುಚ್ಚಲಿ ಬಿಡು. ಮನಿ ಇದ್ದಲ್ಲೇ ಇರತೈತೆಲ್ಲ."

"ಮನಿ ಇರತೈತಿ, ದಾರಿ ಹೇಳಾವ್ರ ಇರೂದಿಲ್ಲ. ಪುಣೆದವ್ರ ಪತ್ರ ಹೊಳ್ಳಿ ಹೋಗತೈತಿ."

ಕಾಕಿಯ ಕೈ ಹಿಟ್ಟಿನ ಮೇಲೆಯೇ ನಿಂತಿತು. ಆಮೇಲೆ ಕೈ ಒರೆಸಿಕೊಂಡು, "ಹಂಗಾರ ಬ್ಯಾರೆ ಮುತ್ಯಾನ್ನ ಹುಡಕೂಣು. ಯಾರ್ಯಾರು ಅದಾರ ಹೇಳು," ಅಂದಳು.

ಮೂರು ಸೇವೆಗಳ ವಿವರ ಮುದ್ರಿಸಿಕೊಂಡು ಹೋಗಿದ್ದೆ. ಮೊದಲನೆಯದು ಪುಕ್ಕಟೆ, ಆದರೆ ಏನಾದರೂ ಕೆಟ್ಟರೆ ಕೇಳಲು ಯಾರೂ ಇಲ್ಲ, ಒಂದು ಪುಟ ಓದಿಕೊಂಡು ನಾವೇ ಸರಿಮಾಡಿಕೊಳ್ಳಬೇಕು ಅಂದೆ.

"ಬೀಗರ ಊಟಕ್ಕ ಕರದು ಅಡಗಿ ನೀವ ಮಾಡಕೊಳ್ರಿ ಅಂದಂಗಾತು," ಅಂತ ಮೂಲೆಯಲ್ಲಿ ಬಡಿಯುತ್ತಿದ್ದವಳು ಅದನ್ನು ಅಲ್ಲಿಗೇ ತೆಗೆದುಹಾಕಿದಳು.

ಎರಡನೆಯದು ದೊಡ್ಡ ದೊಡ್ಡ ಕಂಪನಿಗಳಿಗೆ ಮಾಡಿದ್ದು. ಅದರ ಪುಟ ತೆರೆದರೆ ನನಗೇ ದಿಕ್ಕು ತಪ್ಪುತ್ತಿತ್ತು. ಮೂರನೆಯದಕ್ಕೆ ವರ್ಷಕ್ಕೊಂದಿಷ್ಟು ಕೊಡಬೇಕು. ಆದರೆ ನಾಲ್ಕೂ ಡೊಮೇನು ಒಂದೇ ಪುಟದಲ್ಲಿ ಕಾಣುತ್ತವೆ. ಬೇಕಾದವರಿಗೆ ಬೇರೆ ಬೇರೆ ಕೀಲಿ ಕೊಡಬಹುದು. ಯಾರು ಯಾವಾಗ ಏನು ಬದಲಿಸಿದರು ಅನ್ನುವುದು ಬರೆದಿರುತ್ತದೆ. ಮುಂದೆ ಬಿಟ್ಟುಹೋಗುವುದಾದರೆ ಯಾವ ಹೆಸರು ಎಲ್ಲಿಗೆ ಎಂಬ ಇಡೀ ಯಾದಿಯನ್ನು ಇಳಿಸಿಕೊಂಡು ಹೋಗಬಹುದು.

"ನಾ ತವರಮನಿಗೆ ಹೋದ್ರೂ ಇವ್ರು ಒಳಗ ಹೋಗಬಹುದೇನ್?" ಕಾಕಿ ಕೇಳಿದಳು.

"ಹೋಗಬಹುದು."

"ಮತ್ತಿನ್ನೇನ್ ಬೇಕು? ನಾ ಇಲ್ಲ ಅಂತ ಒಲಿ ಆರಸ್ತಾರೇನ್ ಇವ್ರು?"

ನನಗೆ ಒಳಗೊಳಗೇ ಮುಜುಗರ. ಕೀಲಿ ಹತ್ತು ಕೈಗೆ ಹೋದರೆ ಕಾಕಾನ ಮನಸ್ಸಿಗೆ ಹೇಗಾಗುತ್ತದೋ ಎಂಬ ಅಳುಕು. ಅದನ್ನು ಬಾಯಿಬಿಟ್ಟು ಹೇಳದೆ ಅಂಗಡಿಗೆ ಮರಳಿದೆ. ಉಳಿದ ಮೂರಕ್ಕೂ ನಾಳೆ ಇದೇ ಗತಿ ಬರಬಾರದೆಂದು, ನಾಲ್ಕನ್ನೂ ಒಟ್ಟಿಗೇ ಆ ಮೂರನೆಯ ಸೇವೆಗೆ ಸಾಗಿಸುವುದೆಂದು ಗಟ್ಟಿಮಾಡಿಕೊಂಡೆ.

ಡೊಮೇನಿನ ಹೆಸರು ಯಾವ ವಿಳಾಸಕ್ಕೆ ಹೋಗಬೇಕು ಎಂದು ತಿಳಿಸುವ ಸಾಲುಗಳನ್ನು ಹಳೆಯ ಜಾಗಗಳಿಂದ ಒಂದೊಂದಾಗಿ ಹೊಸ ಜಾಗಕ್ಕೆ ಬರೆಯಬೇಕು. ಝೆರಾಕ್ಸ್ ಅಂಗಡಿಯವಳಿಗೆ ಕಾಗದದ ಮೇಲೆ ಕಂಡರೇ ನಂಬಿಕೆ. ನಾಲ್ಕೂ ಯಾದಿಗಳನ್ನು ಮುದ್ರಿಸಿಟ್ಟುಕೊಂಡು, ಭಾನುವಾರ ಮಧ್ಯಾಹ್ನದ ಹೊತ್ತಿಗೆ ಎಲ್ಲ ಬರೆದು ಮುಗಿಸಿ, ಕಾಕಿಗೆ ತೋರಿಸಲು ಹೋದೆ.

ರೊಟ್ಟಿ ಗುಂಪಿನಲ್ಲಿ ಒಂದು ಪದ್ಧತಿಯಿದೆ. ರೊಟ್ಟಿ ಒಟ್ಟಿದವಳು ಮೇಲಿಂದ ಎಣಿಸಿದರೆ, ಇನ್ನೊಬ್ಬಳು ಆ ಒಟ್ಟಿಲನ್ನು ಬುಟ್ಟಿಗೆ ಮಗುಚಿ ಕೆಳಗಿಂದ ಎಣಿಸುತ್ತಾಳೆ. ಎರಡೂ ಲೆಕ್ಕ ಕೂಡಿದರೆ ಮಾತ್ರ ಕಟ್ಟು ಬಿಗಿಯುವುದು. ಕಾಕಿ ಮೊಮ್ಮಗಳಿಂದ ಇಂಗ್ಲಿಷ್ ಅಕ್ಷರ ಕಲಿತಿದ್ದಳು. ನನ್ನ ಫೋನಿನಲ್ಲಿ ಹಳೆಯ ಯಾದಿ ತೆರೆಸಿಕೊಂಡು ಬೆರಳಿನಿಂದ ಸರ್ರನೆ ತಳಕ್ಕೆ ಇಳಿದಳು. ಹೊಸ ಯಾದಿ ಮುದ್ರಿಸಿದ ಹಾಳೆ ನನ್ನ ಕೈಯಲ್ಲಿತ್ತು.

"ಕೆಳಗಿಂದ ಹೇಳತೇನಿ, ಐತಿ ಇಲ್ಲ ಅನ್ನು. ಎಮ್, ಎಕ್ಸ್."

"ಇಲ್ಲ," ಅಂದೆ. ಅದು ಈಮೇಲಿನ ಸಾಲು. ಹಳೆಯ ಯಾದಿಯ ಎರಡನೇ ಹಾಳೆ ನನ್ನ ಪ್ರಿಂಟರಿನ ಬಾಯಲ್ಲೇ ಉಳಿದಿತ್ತು. ಅದೊಂದಿಲ್ಲದೆ ಬದಲಿಸಿದ್ದರೆ ವೆಬ್‌ಸೈಟ್ ಚೆನ್ನಾಗಿ ತೆರೆದುಕೊಳ್ಳುತ್ತಿತ್ತು, ಪುಣೆಯ ಪತ್ರ ಮಾತ್ರ ಬಾಗಿಲು ಸಿಗದೆ ತಿರುಗಿ ಹೋಗುತ್ತಿತ್ತು.

"ಹಾಳಿ ಮಾರೂ ಅಂಗಡ್ಯಾಕಿ ಹಾಳಿನ ಮರತಾಳ," ಅಂತ ಕಾಕಿ ನಕ್ಕಳು. ಅಲ್ಲೇ ಕೂತು ಉಳಿದ ಮೂರನ್ನೂ ಕೆಳಗಿಂದ ಎಣಿಸಿದೆವು. ಹಾಡಿನ ಬಳಗದ್ದರಲ್ಲೂ ಒಂದು ಸಾಲು ಬಿಟ್ಟುಹೋಗಿತ್ತು. ಬಿಟ್ಟದ್ದನ್ನೆಲ್ಲ ಫೋನಿನಲ್ಲೇ ಬರೆದು ಸೇರಿಸಿದೆ.

ಇನ್ನುಳಿದದ್ದು ಒಂದೇ ಕೆಲಸ. ಡೊಮೇನು ಕೊಂಡ ಕಡೆ ಹೋಗಿ, ಇನ್ನು ಮುಂದೆ ದಾರಿ ಹೇಳುವವರು ಇವರು ಅಂತ ಬದಲಿಸಬೇಕು. ಅದಕ್ಕೆ ಕಾಕಾನ ಫೋನಿಗೆ ಬರುವ ಒಟಿಪಿ ಬೇಕು. ಬದಲಾವಣೆ ಎಲ್ಲ ಕಡೆ ಹರಡಲು ಎರಡು ದಿನ ಹಿಡಿಯಬಹುದು, ಆದ್ದರಿಂದ ಸೋಮವಾರ ದಾಟುವಂತಿರಲಿಲ್ಲ. ಭಾನುವಾರ ಸಂಜೆ ಫೋನ್ ಮಾಡಿದರೆ ಕಾಕಾ ಎತ್ತಲಿಲ್ಲ. ಬೀಗರ ಮನೆಯಲ್ಲಿ ಫೋನ್ ಹಿಡಿದು ಕೂಡುವುದು ಅವರಿಗೆ ಸೇರದು. ಇನ್ನು ಸೋಮವಾರವೆಂದರೆ ನಮ್ಮಲ್ಲಿ ಎತ್ತು ಹೂಡುವುದಿಲ್ಲ. ಎತ್ತಿಗೆ ರಜೆಯಿದ್ದ ದಿನ ಫೋನಿಗೂ ರಜೆ ಅಂತ ಕಾಕಾ ಅವತ್ತು ಅದನ್ನು ಬಂದ್ ಮಾಡಿ ಗೋಡೆಯ ಗೂಡಿನಲ್ಲಿ ಇಟ್ಟುಬಿಡುತ್ತಾರೆ. ವರ್ಷಗಳಿಂದ ಆ ನೇಮವನ್ನು ಯಾರೂ ಮುರಿಸಿದ್ದಿಲ್ಲ.

ಸೋಮವಾರ ನಾನು ಗುಡಗೇರಿಯಲ್ಲೇ ಕಾಯುತ್ತಿದ್ದೆ, ಹನ್ನೊಂದರ ಸುಮಾರಿಗೆ ಕಾಕಾ ಬಸ್ಸಿಳಿದು ಮನೆಗೆ ಬಂದರು. ನೀರು ಕುಡಿದು ಮುಗಿಸುವವರೆಗೆ ತಡೆದು, ಎಲ್ಲವನ್ನೂ ಹೇಳಿದೆ. ಕೀಲಿ ಎಲ್ಲರ ಕೈಗೂ ಹೋಗುತ್ತದೆ ಅನ್ನುವುದನ್ನೂ ತಲೆ ತಗ್ಗಿಸಿಕೊಂಡೇ ಹೇಳಿದೆ.

ಕಾಕಾ ನೀರಿನ ತಂಬಿಗೆ ಕೆಳಗಿಟ್ಟರು. "ಇಷ್ಟ್ ದಿನ ಈ ನಾಲ್ಕೂ ನನ್ನ ಫೋನಿನ ಮ್ಯಾಲೆ ನಿಂತಿದ್ವೇನು?"

"ಹೌದ್ರಿ ಕಾಕಾ."

"ಮತ್ತ ನಾ ಹೊಲದಾಗ ಫೋನ್ ಕಳಕೊಂಡಿದ್ರ?"

"ನಾಲ್ಕಕ್ಕೂ ಬೀಗ ಬೀಳತಿತ್ರಿ," ಅಂದೆ.

"ನನಗ ಮೊದಲ ಹೇಳಬೇಕಿಲ್ಲೇನಬೇ? ಹೆಸರು ನಂದು ಇರಲಿ, ಅದು ನಿಮ್ಮ ಪ್ರೀತಿ. ಕೀಲಿ ಎಲ್ಲಾರ ಕಡೆ ಇರಲಿ."

"ಇವತ್ತ ಸೋಮವಾರ ಐತ್ರಿ ಮತ್ತ," ಅಂತ ಕಾಕಿ ಕೆಣಕಿದಳು.

"ಸೋಮವಾರ ಎತ್ತು ಹೂಡೂದಿಲ್ಲ ಖರೆ. ನೀರು ಕುಡಸೂದು ಬಿಡತೇವೇನು?" ಅನ್ನುತ್ತ ಕಾಕಾ ಕಿಸೆಯಿಂದ ಫೋನ್ ತೆಗೆದು ಗುಂಡಿ ಒತ್ತಿ ಹಿಡಿದರು.

ನಾಲ್ಕು ಸಲ ಒಟಿಪಿ ಬಂತು. ಪ್ರತಿಯೊಂದನ್ನೂ ಕಾಕಾ ಪೇಟೆಯಲ್ಲಿ ದರ ಕೂಗುವ ದನಿಯಲ್ಲಿ ಹೇಳಿದರು. ಕೆಲಸ ಮುಗಿದದ್ದೇ ಫೋನನ್ನು ಮತ್ತೆ ಬಂದ್ ಮಾಡಿ ಗೂಡಿಗೆ ಇಟ್ಟರು.

ಬುಧವಾರ ಹಳೆಯ ಸೇವೆ ನಿಂತುಹೋಯಿತು. ರೊಟ್ಟಿಯ ವೆಬ್‌ಸೈಟ್ ಅಲುಗಾಡಲಿಲ್ಲ. ಗುರುವಾರ ಊಟದ ಹೊತ್ತು ದಾಟಿದರೂ ಈಮೇಲ್ ಖಾಲಿಯಿತ್ತು. ಹೆಂಗಸರು ರೊಟ್ಟಿ ಬಡಿಯುತ್ತಲೇ ಇದ್ದರು. ನಾಲ್ಕು ಗಂಟೆಯ ಸುಮಾರಿಗೆ ಪತ್ರ ಬಂತು. ಉದ್ದನೆಯ ಪತ್ರ. ನಾನು ಮೇಲಿಂದ ಓದಲು ಶುರುಮಾಡಿದೆ.

"ಕೆಳಗಿಂದ ಓದು," ಅಂದಳು ಕಾಕಿ.

ಕೆಳಗಿನ ಸಾಲಿನಲ್ಲಿ, ಮೊದಲ ಕಟ್ಟು ಬರುವ ಸೋಮವಾರವೇ ಕಳಿಸಿಕೊಡಿ ಎಂದಿತ್ತು. ಕಾಕಿ ಎರಡೂ ಹೊಸ ಒಲೆಗಳಿಗೆ ಬೆಂಕಿ ಹಚ್ಚಲು ಎದ್ದಳು.