ಕಳಸದ ತೋಟಕ್ಕೆ ಹೂ ಕೇಳಿದ್ದು

ದಾವಣಗೆರೆಯಿಂದ ಬೆಳಗಿನ ಬಸ್ಸಿಗೆ ಹೊರಟಾಗ ನಮ್ಮಲ್ಲಿದ್ದದ್ದು ಎರಡು ಚೀಲ, ಒಂದು ಡಬ್ಬಿ ಚಿತ್ರಾನ್ನ ಮತ್ತು ನನ್ನ ಹೆಂಡತಿ ಸುಮಳ ಹಟ. ಮಸ್ಕತ್ತಿನಲ್ಲಿ ನಾನು ದುಡಿದಷ್ಟೂ ವರ್ಷ ಬಾಡಿಗೆ ಮನೆಗಳಲ್ಲೇ ಇದ್ದೆವು. ಮಾಲೀಕ ಬಿಡಿ ಎಂದಾಗಲೆಲ್ಲ ಪಾತ್ರೆಪಗಡ ಕಟ್ಟಿಕೊಂಡು ಎದ್ದಿದ್ದೇವೆ. ಊರಿಗೆ ಮರಳಿದ ಮೇಲೂ ಅದೇ ಪಾಡು. "ಹಸಿರಿರೋ ಕಡೆ ಒಂದು ಮನೆ ತಗೊಳ್ಳೋಣ. ಅಲ್ಲಿಂದ ನನ್ನನ್ನ ಯಾರೂ ಏಳಿ ಅನ್ನಬಾರದು" ಎಂದಿದ್ದಳು. ಅವಳು ಜೀವನದಲ್ಲಿ ನನ್ನನ್ನು ಕೇಳಿದ್ದೇ ಕಡಿಮೆ. ಇದನ್ನು ಇಲ್ಲವೆನ್ನಲು ಬಾಯಿ ಬರಲಿಲ್ಲ.

ಚಿಕ್ಕಮಗಳೂರಿನಲ್ಲಿ ಉಳಿದು, ಮರುದಿನ ಮೂಡಿಗೆರೆಯ ದಲ್ಲಾಳಿಯೊಬ್ಬನ ಜೀಪಿನಲ್ಲಿ ದೇವರಮನೆ ಬೆಟ್ಟದ ಕಡೆ ಹೋದೆವು. ಅವನು ತೋಟ ತೋರಿಸಿದ್ದಕ್ಕಿಂತ ಬೆಟ್ಟ ತೋರಿಸಿದ್ದೇ ಹೆಚ್ಚು. "ಈ ವ್ಯೂ ನಿಮಗೆ ಬೇರೆ ಕಡೆ ಸಿಗಲ್ಲ ಸಾರ್, ಹೋಮ್‌ಸ್ಟೇ ಮಾಡಿದ್ರೆ ಜನ ಸಾಲು ನಿಲ್ತಾರೆ" ಎಂದ. ನಿಂತಲ್ಲಿ ನಿಲ್ಲಗೊಡದ ಗಾಳಿ. ಸುಮ ಸೆರಗನ್ನು ತಲೆಗೆ ಬಿಗಿದುಕೊಂಡು, "ನೀರೆಲ್ಲಿದೆ?" ಎಂದಳು. ಅವನು ಕೆಳಗಿನ ಕಣಿವೆಯ ಕಡೆ ಕೈ ತೋರಿಸಿದ. ದೂರದ ಬೆಟ್ಟ ನುಣ್ಣಗೆ ಎಂದುಕೊಂಡು ಜೀಪು ಹತ್ತಿದೆವು.

ಮೂರನೆಯ ದಿನ ಆಲ್ದೂರು, ಬಾಳೆಹೊನ್ನೂರು ದಾಟಿ ಕಳಸದ ಬಸ್ಸು. ತಿರುವು ಬಂದಾಗಲೆಲ್ಲ ನಾನು ಕಿಟಕಿಯಾಚೆ ತಲೆ ಹಾಕುತ್ತಿದ್ದೆ. ಪಕ್ಕದಲ್ಲಿದ್ದ, ಹೊರನಾಡಿನ ದೇವಸ್ಥಾನಕ್ಕೆ ಹೊರಟಿದ್ದ ಯಾತ್ರಿಕರೊಬ್ಬರು ನಿಂಬೆಹಣ್ಣು ಕೊಟ್ಟು ಕಾಪಾಡಿದರು. ಮಳೆಗಾಲ ಮುಗಿದು ಬಿಸಿಲು ಹದವಾಗಿತ್ತು, ಕಾಫಿ ಹಣ್ಣಿಗೆ ಬಣ್ಣ ತಿರುಗುತ್ತಿತ್ತು. ಕಳಸದಿಂದ ಆಟೋ ಹಿಡಿದು ನಾಗರತ್ನಮ್ಮನವರ ಎಸ್ಟೇಟಿಗೆ ಹೋದೆವು. ಗಂಡ ತೀರಿಕೊಂಡ ಮೇಲೆ ತೋಟವನ್ನು ತಾವೇ ನಡೆಸುತ್ತಿರುವ ಗಟ್ಟಿ ಹೆಂಗಸು. ಮಂಡಿನೋವಿನಿಂದ ಮೇಲಿನ ತೋಟಕ್ಕೆ ಹತ್ತಲಾಗದೆ, ಅಷ್ಟನ್ನು ಮಾತ್ರ ಮಾರುವವರಿದ್ದರು. ಅದರಲ್ಲಿ ಹಿಂದೆ ರೈಟರಿಗೆಂದು, ಅಂದರೆ ಎಸ್ಟೇಟಿನ ಲೆಕ್ಕ ಬರೆಯುವವರಿಗೆಂದು, ಕಟ್ಟಿಸಿದ್ದ ಹೆಂಚಿನ ಮನೆಯೊಂದಿತ್ತು.

ಸುಮ ಆ ಮನೆಯ ಅಡುಗೆಕೋಣೆಗೆ ಹೋದವಳು ಹೊರಗೆ ಬರಲೇ ಇಲ್ಲ. ಹೋಗಿ ನೋಡಿದರೆ ಒಲೆಕಟ್ಟೆಯ ಮೇಲಿನ ಧೂಳನ್ನು ಕೈಯಿಂದ ಒರೆಸುತ್ತಿದ್ದಳು. ಇನ್ನು ಚೌಕಾಸಿ ಮಾಡಿ ಪ್ರಯೋಜನವಿಲ್ಲವೆಂದು ನನಗೆ ಅಲ್ಲೇ ಗೊತ್ತಾಯಿತು.

ಕೆಳಗೆ ನಾಗರತ್ನಮ್ಮನವರ ಮನೆಯಲ್ಲಿ ಕಡುಬು, ಚಟ್ನಿ, ಕಾಫಿ. ಪಹಣಿ ನೋಡಿದ್ದಾಯಿತು, ಮಾತು ಕುದುರಿತು. ಆಗ ನಾಗರತ್ನಮ್ಮ, "ಎಲ್ಲ ಸರಿ ಮಾರಾಯ್ರೆ. ಆದ್ರೆ ಚೌಡಮ್ಮನ್ನ ಕೇಳದೆ ನಾವು ಒಂದು ಮರ ಸಹ ಕೊಡೋದಿಲ್ಲ" ಎಂದರು.

ಮನೆಯ ಹಿಂದೆ, ಮರಗಳ ನಡುವೆ ಒಂದು ಕಲ್ಲು. ಅದೇ ತೋಟ ಕಾಯುವ ಚೌಡಿ. ನಾಗರತ್ನಮ್ಮ ಕಲ್ಲಿಗೆ ನೀರೆರೆದು ಎಡಬಲಕ್ಕೆ ಒಂದೊಂದು ಒದ್ದೆ ಸೇವಂತಿಗೆ ಅಂಟಿಸಿದರು. ಬಲಗಡೆಯದು ಮೊದಲು ಬಿದ್ದರೆ ಒಪ್ಪಿಗೆ, ಎಡಗಡೆಯದು ಬಿದ್ದರೆ ಇಲ್ಲ. "ಈ ತೋಟ ಇವ್ರಿಗೆ ಮಾರ್ಲಾ ತಾಯಿ?" ಎಂದು ಕೈಮುಗಿದು ನಿಂತರು. ಪಹಣಿ ನೋಡಿ, ಮಾತು ಕುದುರಿಸಿ, ಕೊನೆಗೆ ಹೂವಿನ ಕೈಗೆ ಬಂತಲ್ಲ ನಮ್ಮ ಹಣೆಬರಹ ಎಂದು ನನಗೆ ಒಳಗೊಳಗೇ ನಗು.

ಎಡಗಡೆಯ ಹೂ ಬಿತ್ತು.

ನಗು ಎಲ್ಲಿ ಹೋಯಿತೋ. "ಇನ್ನೊಂದು ಸಲ ಕೇಳಿ ನೋಡಬಹುದಲ್ಲ?" ಎಂದೆ.

"ಅದೇ ಮಾತು ಎರಡನೇ ಸಲ ಕೇಳೋ ಹಾಗಿಲ್ಲ. ನಂಗೂ ಬೇಜಾರೇ. ಎಂತ ಮಾಡೋದು?" ಎಂದರು ನಾಗರತ್ನಮ್ಮ. ಅವರ ಮುಖವೂ ಇಳಿದಿತ್ತು.

ಸುಮ ಕಣ್ಣೊರೆಸಿಕೊಂಡಳು. ಆಮೇಲೆ, "ಬೇರೆ ಮಾತು ಕೇಳಬಹುದಾ? ನಾನು?" ಎಂದಳು.

ನಾಗರತ್ನಮ್ಮ ಮತ್ತೆ ಎರಡು ಹೂ ಅಂಟಿಸಿ, ಅವಳಿಗೆ ಜಾಗ ಬಿಟ್ಟು ಹಿಂದೆ ಸರಿದರು.

"ಮಾರೋದು ಬೇಡ ಅಂದ್ರೆ ಬೇಡಮ್ಮ" ಎಂದಳು ಸುಮ, ನೆರೆಮನೆಯವರ ಹತ್ತಿರ ಮಾತಾಡುವ ಹಾಗೆ. "ತೋಟ ಇವರದ್ದೇ ಇರಲಿ. ಆ ಮನೇಲಿ ನಾವಿಬ್ಬರೂ ಬದುಕಿರೋತನಕ ಇರ್ತೀವಿ. ಯಾರೂ ಏಳಿ ಅನ್ನಬಾರದು. ಆಗುತ್ತಾ?"

ದೇವರು ದಿಂಡರೆಂದರೆ ಮೂಗು ಮುರಿಯುವ ನಾನೂ ಕೈಮುಗಿದು ನಿಂತಿದ್ದೆ. ಎಲ್ಲೋ ಮರಕುಟಿಗ ಕುಟ್ಟುತ್ತಿತ್ತು. ಎಡಗಡೆಯ ಹೂ ಜಾರಿದಂತೆ ಕಂಡಿತು. ಅದು ಅಲ್ಲೇ ನಿಂತಿತು. ಬಿದ್ದದ್ದು ಬಲಗಡೆಯದು.

ನಾಗರತ್ನಮ್ಮ ಆ ಹೂವನ್ನೆತ್ತಿ ಸುಮಳ ಮುಡಿಗೆ ಸಿಕ್ಕಿಸಿದರು. "ಮುಗೀತು. ಇನ್ನು ನಾನಾಗ್ಲಿ ನನ್ನ ಮಕ್ಕಳಾಗ್ಲಿ ನಿಮ್ಮನ್ನ ಏಳ್ಸೋ ಹಾಗಿಲ್ಲ. ಕಾಗದ ಆದ್ರೆ ಕೋರ್ಟಿಗೆ ಹೋಗಿ ಮುರೀಬಹುದಿತ್ತು, ಇದನ್ನ ಮುರಿಯೋಕೆ ನಮ್ಮಲ್ಲಿ ಯಾರಿಗೂ ಧೈರ್ಯ ಇಲ್ಲ" ಎಂದು ನಕ್ಕರು. ಬಾಡಿಗೆಯ ಮಾತೆತ್ತಿದರೆ, "ಮೇಲಿನ ತೋಟದ ಮೇಲೊಂದು ಕಣ್ಣಿಡಿ, ಸಾಕು" ಎಂದರು.

ಕೊಳ್ಳಲು ಹೋದವರು ಏನನ್ನೂ ಕೊಳ್ಳದೆ ರಸ್ತೆಗಿಳಿದು ಬಸ್ಸಿಗೆ ಕಾದೆವು. ಮನಸ್ಸು ತುಂಬಿತ್ತು. ಸುಮ ಮೇಲಿನ ಹೆಂಚಿನ ಮನೆಯ ಕಡೆ ತಿರುಗಿ ನೋಡುತ್ತ, "ಆ ಕಿಟಕಿಗಳಿಗೆ ಯಾವ ಬಣ್ಣದ ಪರದೆ ಹೊಲಿಸೋಣ?" ಎಂದಳು. ಮದುವೆಯಾದಂದಿನಿಂದ ನಾವಿದ್ದ ಯಾವ ಮನೆಯ ಕಿಟಕಿಗೂ ಅವಳು ಅಳತೆ ಕೊಟ್ಟು ಪರದೆ ಹೊಲಿಸಿದವಳಲ್ಲ.