ಸಾವಿನ ಮನೆಯ ಸಿನಿಮಾ ಹಾಡು

ಹೈದರಾಬಾದಿಗೆ ಬಂದ ವಾರದಲ್ಲೇ ನಾನು ಯಾರದೋ ಸಾವಿಗೆ ಖುಷಿಯಿಂದ ಹಾಡು ಹೇಳಿದೆ. ಬೇಕೆಂದು ಮಾಡಿದ್ದಲ್ಲ. ಕೂಕಟ್‌ಪಲ್ಲಿಯ ಬಾಡಿಗೆ ಮನೆಯ ಮಾಳಿಗೆಯ ಮೇಲೆ ಬಟ್ಟೆ ಒಣಹಾಕುತ್ತಿದ್ದೆ. ಪಕ್ಕದ ಗಲ್ಲಿಯಲ್ಲಿ ಶಾಮಿಯಾನ, ಮೈಕಿನಲ್ಲಿ ತೆಲುಗು ಸಿನಿಮಾ ಹಾಡು. ಮಾತು ತಿಳಿಯದಿದ್ದರೂ ಧಾಟಿ ಇಂಪಾಗಿತ್ತು. ಮದುವೆ ಮನೆ ಇರಬೇಕೆಂದು ನಾನೂ ದನಿ ಕೂಡಿಸಿದೆ. ಮನೆಯೊಡತಿ ಯಾದಮ್ಮ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು.

“ಆಡ ಮನಿಷಿ ಸಚ್ಚಿಪೋಯಿಂಡಮ್ಮಾ! ನುವ್ವು ಪಾಟ ಪಾಡುತುನ್ನವಾ?”

ಅಲ್ಲಿ ಮನುಷ್ಯ ಸತ್ತಿದ್ದಾನೆ, ನೀನು ಹಾಡುತ್ತಿದ್ದೀಯಾ ಎಂದು. ನಾನು ಪಿಳಿಪಿಳಿ ನೋಡಿದೆ. ಅವರು ಕಣ್ಣು ಮುಚ್ಚಿ, ಕತ್ತು ಒಂದು ಕಡೆ ವಾಲಿಸಿ ತೋರಿಸಿದಾಗ ಅರ್ಥವಾಯಿತು. ಅಯ್ಯ ಶಿವನೇ! ಒಣಹಾಕಿದ ಸೀರೆಯ ಹಿಂದೆ ಬಚ್ಚಿಟ್ಟುಕೊಂಡೆ.

ನನ್ನ ಗಂಡ ಇಲ್ಲಿಯ ಕೇಂದ್ರ ಸರ್ಕಾರದ ಕಾರ್ಖಾನೆಯೊಂದರಲ್ಲಿ ನೌಕರ, ನನಗಿಂತ ಮೊದಲೇ ಬಂದವರು. ಸಂಜೆ ಕೇಳಿ ನಕ್ಕರು. “ಇಲ್ಲಿ ಹಂಗ ಐತಿ. ಹೆಣಾ ಎತ್ತೂತನಕಾ ಅಳೂ ಹಾಡ ಹಾಕ್ತಾರ. ನೀ ಇನ್ನ ಮಾಳಗಿ ಮ್ಯಾಲ ಕಚೇರಿ ಮಾಡಬ್ಯಾಡ.”

ನಮ್ಮ ಗದಗಿನಲ್ಲಿ ಸತ್ತವರ ಮನೆಯಲ್ಲಿ ಭಜನೆ ಮಾಡುತ್ತಾರೆ, ಸಿನಿಮಾದ ಹೆಸರೆತ್ತುವಂತಿಲ್ಲ. ಪ್ರೀತಿ ಮುರಿದವರ ಹಾಡು ರೇಡಿಯೊದಲ್ಲಿ ಬಂದರೂ ಅವ್ವ ಒಳಗಿಂದಲೇ ಕೂಗುತ್ತಿದ್ದಳು: “ಬಂದ್ ಮಾಡ ಅದನ್ನ! ದೀಪಾ ಹಚ್ಚೂ ಹೊತ್ತಿನ್ಯಾಗ ಅಳೂ ಹಾಡ ಮನಿಗೆ ಛಲೋ ಅಲ್ಲ.”

ಇಲ್ಲಿ ನನಗೆ ತೆಲುಗು ಕಲಿಸಿದ್ದೇ ಆ ಹಾಡುಗಳು. ಏಡುಪು ಎಂದರೆ ಅಳು, ಒಂಟರಿ ಎಂದರೆ ಒಬ್ಬಂಟಿ. ಅಂಗಡಿಯಲ್ಲಿ ಹುಣಸೆಹಣ್ಣು ಕೇಳಲು ಬರುತ್ತಿರಲಿಲ್ಲ, ‘ನನ್ನನ್ನು ಬಿಟ್ಟು ಹೋದೆಯಾ’ ಎಂದು ಕೇಳಲು ಬರುತ್ತಿತ್ತು. ಯಾದಮ್ಮ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಾನು ರೊಟ್ಟಿ ಕೊಟ್ಟರೆ ಅವರು ಗೋಂಗೂರ ಚಟ್ನಿ ಕೊಡುತ್ತಿದ್ದರು. ನಮ್ಮ ಪುಂಡಿಪಲ್ಯವೇ ಅದು, ಖಾರ ಮಾತ್ರ ನೆತ್ತಿಗೇರುವಷ್ಟು.

ಹೀಗೆ ಹೊಂದಿಕೊಂಡೆ ಅನ್ನುವಷ್ಟರಲ್ಲಿ ಅವ್ವ ತೀರಿಕೊಂಡ ಟೆಲಿಗ್ರಾಂ ಬಂತು. ನಾವು ಗದಗು ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಬಂದಿದ್ದರು. ಪಡಸಾಲೆಯಲ್ಲಿ ಭಜನೆ ನಡೆದಿತ್ತು. ದೇಹ ಸ್ಥಿರವಲ್ಲ, ಮೋಹ ಬೇಡ ಎಂದು ತಾಳ ಕುಟ್ಟಿ ಹಾಡುತ್ತಿದ್ದರು. ಅಷ್ಟು ತಿಳಿವಳಿಕೆಯ ಪದಗಳ ನಡುವೆ ಅಳುವುದಾದರೂ ಹೇಗೆ? ಕಣ್ಣೀರು ಬರಲೇ ಇಲ್ಲ.

ಅವ್ವನ ತಂಗಿ, ನನ್ನ ಚಿಗವ್ವ, ಎಲ್ಲರೆದುರು ಅಂದಳು: “ಹಡದವ್ವ ಸತ್ರೂ ಕಣ್ಣಾಗ ಒಂದ ಹನಿ ಇಲ್ಲಲ್ಲವಾ! ಹೈದರಾಬಾದಿಗೆ ಹೋಗಿ ಕಲ್ಲಾಗಿ ಬಂದೀ.”

ಆ ಮಾತು ಎದೆಯಲ್ಲಿ ಕೂತುಬಿಟ್ಟಿತು. ಕೂಕಟ್‌ಪಲ್ಲಿಗೆ ಮರಳಿ ಅಡುಗೆ ಮಾಡಿದೆ, ಬಟ್ಟೆ ಒಗೆದೆ, ಯಾದಮ್ಮನ ಜೊತೆ ನಕ್ಕೆ ಕೂಡ. ಅಳು ಬರಲಿಲ್ಲ. ಹಡೆದವಳಿಗಾಗಿ ಅಳಲಾರದವಳು ಎಂಥ ಮಗಳು ಎಂದು ನನ್ನ ಮೇಲೆ ನನಗೇ ಹೇಸಿಗೆಯಾಗುತ್ತಿತ್ತು.

ಒಂದು ಬೆಳಿಗ್ಗೆ ಹಾಲು ತರಲು ಹೋದಾಗ ಮೂಲೆಯ ಮನೆಯ ಮುಂದೆ ಮತ್ತೆ ಶಾಮಿಯಾನ, ಮೈಕು. ಹೇಳದೆ ಎಲ್ಲಿಗೆ ಹೋದೆ, ನಾನಿನ್ನು ಯಾರನ್ನು ಕರೆಯಲಿ ಎಂದು ಒಬ್ಬಳು ಹಾಡುತ್ತಿದ್ದಳು. ಹಾಡೇನೋ ಪ್ರಿಯಕರನ ಮೇಲಿನದು. ಸಿನಿಮಾದವರಿಗೆ ಪ್ರೀತಿ ಬಿಟ್ಟರೆ ಬೇರೆ ಕಷ್ಟವೇ ಇಲ್ಲ. ಆದರೂ ನನ್ನ ಕಾಲು ಮುಂದೆ ಹೋಗಲಿಲ್ಲ. ಹೆಂಗಸರ ಸಾಲಿನ ಕೊನೆಗೆ ಹೋಗಿ ಕೂತೆ. ಕೂತವಳೇ ಬಾಯಿಬಿಟ್ಟು ಅತ್ತೆ. “ಯವ್ವಾ, ನನಗ ಹೇಳದ ಎಲ್ಲಿ ಹೋದೇ!” ಎಂದು ಕನ್ನಡದಲ್ಲೇ ಕೂಗಿಕೊಂಡೆ.

ಪಕ್ಕದ ಮುದುಕಿ ನನ್ನನ್ನು ಎದೆಗೆ ಎಳೆದುಕೊಂಡಳು. ನೀನು ಯಾರು, ಯಾವ ಊರು ಎಂದು ಕೇಳಲಿಲ್ಲ. “ಏಡುವು ತಲ್ಲೀ, ಏಡುವು,” ಅಂದಳು. ಅಳು ತಾಯೀ, ಅಳು ಎಂದು. ಸತ್ತವರು ಗಂಡಸೋ ಹೆಂಗಸೋ ಎಂದೂ ನಾನು ನೋಡಲಿಲ್ಲ. ಹುಟ್ಟಿದ ಮನೆಯಲ್ಲಿ ಬಾರದ ಅಳು ಗುರುತಿಲ್ಲದವರ ಅಂಗಳದಲ್ಲಿ ಬಂತು. ಇದನ್ನು ಚಿಗವ್ವನಿಗೆ ಯಾವ ಬಾಯಿಂದ ಹೇಳಲಿ? ಹೇಳಿದರೂ ನಂಬುವವಳಲ್ಲ.

ಮನೆಗೆ ಬಂದಾಗ, ಮಾಳಿಗೆಯಿಂದ ನನ್ನನ್ನು ನೋಡಿದ್ದ ಯಾದಮ್ಮ ಗೇಟಿನಲ್ಲೇ ತಡೆದರು. ಸಾವಿನ ಮನೆಯಿಂದ ಬಂದವರು ಮೀಯದೆ ಒಳಗೆ ಬರಬಾರದು. ಬಕೆಟ್ ತಂದು ನನ್ನ ತಲೆಯ ಮೇಲೆ ನೀರು ಸುರಿದರು. ಸದ್ದು ಕೇಳಿ ನನ್ನ ಗಂಡ ಟವೆಲ್ ಹಿಡಿದು ಹೊರಗೆ ಬಂದರು.

“ಯಾರ ತೀರ್ಕೊಂಡ್ರು?”

“ನಮ್ಮವ್ವ,” ಅಂದೆ.